ಕುಮಟಾದ ಜುಲೈ, ಧಾರವಾಡದ ಏಪ್ರಿಲ್: ನಿವೃತ್ತಿಯಾದ ಮೇಲೆ ಯಾವ ಊರಿನಲ್ಲಿ ಇರಬೇಕು?

ಗಂಡ ಬ್ಯಾಂಕ್ ಅಧಿಕಾರಿ, ಹುಟ್ಟಿದ್ದು ವಿಜಯಪುರ ಜಿಲ್ಲೆಯಲ್ಲಿ. ಹೆಂಡತಿ ಕುಮಟಾದವರು. ಮದುವೆಯಾದ ಮೇಲೆ ಬದುಕಿದ್ದು ಭೋಪಾಲ್, ಗುವಾಹಟಿ, ಭುವನೇಶ್ವರ, ನಡುವೆ ಕೆಲವು ವರ್ಷ ಬೆಂಗಳೂರು, ಕೊನೆಗೆ ಕೊಯಮತ್ತೂರು. 2024ರ ಬೇಸಿಗೆಯಲ್ಲಿ ನಿವೃತ್ತಿ. ಮಗಳು ಬೆಂಗಳೂರಿನಲ್ಲಿ, ಮಗ ಪುಣೆಯಲ್ಲಿ. ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಸಾಲ ತೀರಿದ ಒಂದು ಫ್ಲಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದಾರೆ. ಗಂಡನಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿದೆ. ಹೆಂಡತಿಗೆ ಗಾಡಿ ಓಡಿಸೋಕೆ ಬರುವುದಿಲ್ಲ.

ಇಷ್ಟು ವರ್ಷ ಊರು ಆರಿಸಿದ್ದು ಟ್ರಾನ್ಸ್‌ಫರ್ ಆರ್ಡರ್. ಈಗ ಮೊದಲ ಸಲ ತಾವೇ ಆರಿಸಬೇಕು. ಭಾರತದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣಪತ್ರ 2014ರಿಂದ ಡಿಜಿಟಲ್ ಆಗಿದೆ, ಎಲ್ಲಿಂದ ಬೇಕಾದರೂ ಕೊಡಬಹುದು. ಅಂದರೆ ಅವರನ್ನು ಯಾವ ಊರೂ ಕಟ್ಟಿಹಾಕಿರಲಿಲ್ಲ. ಅದೇ ಕಷ್ಟವಾಯಿತು.

ಇವರು ನನ್ನ ದೊಡ್ಡಪ್ಪನ ಮಗ, ಅಂದರೆ ಅಣ್ಣ, ಮತ್ತು ವೈನಿ (ಅತ್ತಿಗೆ). ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಈ ಚರ್ಚೆಯಲ್ಲಿ ಮೊದಲಿನಿಂದ ಕೊನೆವರೆಗೂ ನಾನು ಜೊತೆಗಿದ್ದೆ. ಇದೇ ಪ್ರಶ್ನೆ ಮುಂದಿಟ್ಟುಕೊಂಡು ಕೂತಿರುವ ಮನೆಗಳು ಎಷ್ಟೋ ಇವೆ, ಅದಕ್ಕೆ ಪೂರ್ತಿ ವಿವರ ಕೊಡುತ್ತಿದ್ದೇನೆ.

ಮೊದಲು ಎಲ್ಲರೂ ಅಂದುಕೊಂಡಿದ್ದು

ಬಂಧುಗಳೆಲ್ಲ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದರು. ವೈನಿಗೆ ಸಮುದ್ರ ಬೇಕು, ಅಣ್ಣನಿಗೆ ಬಯಲುಸೀಮೆ ಬೇಕು, ಆದ್ದರಿಂದ ಶಿರಸಿಯಲ್ಲಿ ಇದ್ದುಬಿಡಲಿ. ಘಟ್ಟದ ಮೇಲೆ ತಂಪು, ಕುಮಟಾಕ್ಕೆ ಸುಮಾರು 60 ಕಿ.ಮೀ., ಹುಬ್ಬಳ್ಳಿಗೆ ಸುಮಾರು 100. ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ಆದರೆ ಶಿರಸಿಯಲ್ಲಿ ಇಬ್ಬರಿಗೂ ಗೊತ್ತಿರುವವರು ಒಬ್ಬರೂ ಇಲ್ಲ. ಅಣ್ಣನಿಗೆ ಅಲ್ಲಿ ಮಳೆ ಜಾಸ್ತಿ, ವೈನಿಗೆ ಅಲ್ಲಿ ತವರಿಲ್ಲ. ಇಬ್ಬರಲ್ಲಿ ಯಾರಿಗೂ ಇಷ್ಟವಿಲ್ಲದ ಊರನ್ನು ಬರೀ ನಕ್ಷೆಯಲ್ಲಿ ನಡುವೆ ಬರುತ್ತದೆ ಅಂತ ಆರಿಸುವುದು ನ್ಯಾಯವೇ ಅಲ್ಲ. ಗಂಡ ಹೆಂಡತಿ ಜಗಳ ತಪ್ಪಿಸೋಕೆ ಇದು ಸುಲಭದ ದಾರಿ, ಬದುಕೋಕೆ ಅಲ್ಲ.

ವಿಜಯಪುರ ಪಟ್ಟಿಯಲ್ಲೇ ಇರಲಿಲ್ಲ. ತೆಗೆದುಹಾಕಿದ್ದು ಅಣ್ಣನೇ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು. "ಅಲ್ಲೇ ಬೆಳದೀನಿ, ಅದಕ್ಕ ಗೊತ್ತು. ಈ ವಯಸ್ಸಿನ್ಯಾಗ ಆ ಬಿಸಲ ಬ್ಯಾಡ" ಅಂದರು.

ಉಳಿದದ್ದು ನಾಲ್ಕು: ಬೆಂಗಳೂರು, ಮೈಸೂರು, ಕುಮಟಾ, ಧಾರವಾಡ.

ಬೇರೆ ಬೇರೆ ಕೂತು ಬರೆದದ್ದು

ಒಂದು ಸಂಜೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಊರಿನ ಹೆಸರು ಬರೆಯಬೇಡಿ, ಒಂದು ಸಾಧಾರಣ ಮಂಗಳವಾರ ನಿಮಗೆ ಏನಿಲ್ಲದೆ ಆಗುವುದಿಲ್ಲ, ಏನಿದ್ದರೆ ಆಗುವುದಿಲ್ಲ, ಅಷ್ಟು ಬರೆಯಿರಿ ಅಂದೆ. ಒಬ್ಬರದನ್ನು ಒಬ್ಬರು ನೋಡಬಾರದು.

ಅಣ್ಣನ ಹಾಳೆ ಅಂದುಕೊಂಡ ಹಾಗೇ ಇತ್ತು. ಹಿಂದೂಸ್ತಾನಿ ಸಂಗೀತದ ಬೈಠಕ್ ಇರಬೇಕು. ಸಂಜೆ ಕೂತು ಹರಟೆ ಹೊಡೆಯೋಕೆ ಜನ ಬೇಕು. ಚಳಿಗಾಲ ಅಂತ ಒಂದು ಇರಬೇಕು (ಭೋಪಾಲಿನ ಡಿಸೆಂಬರ್ ಬೆಳಗು, ದೊಡ್ಡ ಕೆರೆಯ ದಂಡೆಯ ವಾಕಿಂಗ್ ಅವರು ಇನ್ನೂ ಮರೆತಿಲ್ಲ). ಹೃದಯದ ಡಾಕ್ಟರು ಹತ್ತಿರ ಇರಬೇಕು. ಆಗದ್ದು ಅಂದರೆ ತೇವ. ಗುವಾಹಟಿಯಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿದದ್ದನ್ನು ಬೇರೆಯಾಗಿಯೇ ಬರೆದಿದ್ದರು.

ವೈನಿಯ ಹಾಳೆಯ ಮೊದಲ ಸಾಲು: ಯಾರನ್ನೂ ಕೇಳದೆ ಮನೆಯಿಂದ ಹೊರಗೆ ಹೋಗಿ ಬರೋಕೆ ಆಗಬೇಕು.

ಎರಡನೆಯದು ನೀರು. ಮೂರನೆಯದು ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಮಾತಾಡಿಸುವ ನೆರೆಯವರು. ಸಮುದ್ರ ಇಡೀ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಆ ಮೊದಲ ಸಾಲಿನ ಬಗ್ಗೆ ಅಣ್ಣ ಬಹಳ ಹೊತ್ತು ಪ್ರಶ್ನೆ ಕೇಳಿದರು. ವೈನಿ ಒಂದೊಂದೇ ಊರು ಹಿಡಿದು ಹೇಳುತ್ತಾ ಹೋದರು. ಭುವನೇಶ್ವರದಲ್ಲಿ ಕ್ವಾರ್ಟರ್ಸ್ ಊರ ಹೊರಗಿತ್ತು, ತರಕಾರಿಗೂ ಭಾನುವಾರ ಇವರು ಕಾರು ತೆಗೆಯುವ ತನಕ ಕಾಯಬೇಕು. ಕೊಯಮತ್ತೂರಿನಲ್ಲಿ ಭಾಷೆ ಬರದಿದ್ದರೂ ಮನೆ ಎದುರೇ ಬಸ್ ನಿಲ್ಲುತ್ತಿತ್ತು, ನಳದಲ್ಲಿ ಸಿರುವಾಣಿಯ ಸಿಹಿ ನೀರು. ಅವರು ತುಂಬಾ ನೆಮ್ಮದಿಯಾಗಿದ್ದದ್ದು ಅಲ್ಲಿ. ಅಣ್ಣನಿಗೆ ಭೋಪಾಲ್ ಅಂದರೆ ಪ್ರಾಣ. ವೈನಿಗೆ ಭೋಪಾಲ್ ಅಂದರೆ ಗಂಡ ಟೂರಿಗೆ ಹೋದಾಗ ಎರಡು ಮಕ್ಕಳನ್ನು ಕಟ್ಟಿಕೊಂಡು ಮನೆಯೊಳಗೇ ಕೂತದ್ದು. ಒಂದೇ ಊರು, ಒಂದೇ ಮನೆ.

ಈ ಪ್ರಕರಣದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಇಬ್ಬರ ಇಷ್ಟವನ್ನು ಸಮಸಮ ತೂಗುವುದು ನೋಡೋಕೆ ಸರಿ ಕಾಣುತ್ತದೆ. ಆದರೆ ಒಬ್ಬರ ಕೈಯಲ್ಲಿ ಕಾರಿನ ಕೀ ಇದೆ. ಊರು ಬೇಸರವಾದರೆ ಅವರು ಹೊರಟುಬಿಡಬಹುದು, ಇನ್ನೊಂದು ಊರಿನ ಸಂಗೀತ ಕಛೇರಿಗೆ, ಗೆಳೆಯರ ಮನೆಗೆ, ಎಲ್ಲಿಗಾದರೂ. ಇನ್ನೊಬ್ಬರಿಗೆ ಊರು ಅಂದರೆ ಕಾಲು ಎಲ್ಲಿಯವರೆಗೆ ಒಯ್ಯುತ್ತದೋ ಅಷ್ಟೇ. ಆದ್ದರಿಂದ ಯಾರಿಗೆ ಹೊರಗೆ ಹೋಗುವ ಸ್ವಾತಂತ್ರ್ಯ ಕಡಿಮೆಯೋ ಅವರ ಇಷ್ಟಕ್ಕೆ ಜಾಸ್ತಿ ತೂಕ ಕೊಡಬೇಕು. ಇದನ್ನು ಅಣ್ಣನ ಎದುರೇ ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ. "ಹಂಗಾದ್ರ ನನ್ನ ಮಾತಿಗೆ ಬೆಲಿ ಇಲ್ಲೇನು?" ಅಂದರು. ಬೆಲೆ ಇದೆ, ಆಗದ್ದು ಅಂತ ನೀವು ಬರೆದ ಒಂದೂ ಆ ಊರಿನಲ್ಲಿ ಇರಬಾರದು, ಆದರೆ ಇಷ್ಟದ ವಿಷಯ ಬಂದಾಗ ಮೊದಲು ವೈನಿಯ ಹಾಳೆ ನೋಡೋಣ ಅಂದೆ.

ಬೆಂಗಳೂರು ಮತ್ತು ಮೈಸೂರು

ಬೆಂಗಳೂರು ಬೇಗ ಬಿತ್ತು. ಮಗಳ ಬಾಣಂತನಕ್ಕೆ ವೈನಿ ಅಲ್ಲೇ ಇದ್ದವರು, ಅವರ ಫ್ಲಾಟ್ ಇರುವ ಕಡೆಯೇ ಮಗಳ ಅಪಾರ್ಟ್‌ಮೆಂಟೂ ಇದೆ. ಗೇಟಿನ ಒಳಗೆ ಅಂಗಡಿ, ಪಾರ್ಕು, ದೇವಸ್ಥಾನ ಎಲ್ಲ ಇವೆ. ಗೇಟು ದಾಟಿದರೆ ಫುಟ್‌ಪಾತ್ ಇಲ್ಲದ ರಸ್ತೆ, ಲಾರಿ, ಧೂಳು. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿದಾಗ ಆ ಕಡೆ ಟ್ಯಾಂಕರ್ ಮೇಲೆಯೇ ಜೀವನ. ಸುಮಾರು 920 ಮೀಟರ್ ಎತ್ತರದ ತಂಪು ಹವೆ ಮಾತ್ರ ಅಣ್ಣನಿಗೆ ಆಸೆ ಹುಟ್ಟಿಸುತ್ತಿತ್ತು. ಸ್ವಂತ ಫ್ಲಾಟ್ ಇದೆಯಲ್ಲ ಅಂತ ಬಂಧುಗಳು ಮತ್ತೆ ಮತ್ತೆ ಹೇಳಿದರು. ಸ್ವಂತದ್ದು ಇದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲೇ ಇರಬೇಕು ಅನ್ನುವುದು ಎಷ್ಟು ಜನರನ್ನು ಬೇಡದ ಊರಿನಲ್ಲಿ ಕೂರಿಸಿದೆ! ಫ್ಲಾಟು ಬಾಡಿಗೆ ತರುತ್ತದೆ, ಆ ಬಾಡಿಗೆಯಲ್ಲಿ ಬೇರೆ ಊರಿನಲ್ಲಿ ಇದಕ್ಕಿಂತ ದೊಡ್ಡ ಮನೆ ಹಿಡಿಯಬಹುದು. ಈ ಲೆಕ್ಕ ಬ್ಯಾಂಕಿನ ಮನುಷ್ಯನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಬೇಸರವಾಗಿದ್ದು ಮಗಳಿಗೆ. ಮೊಮ್ಮಗು ಇಲ್ಲಿರುವಾಗ ಬೇರೆ ಊರು ಯಾಕೆ ಅಂದಳು. ಆ ಬೇಸರ ನಿಜವಾದದ್ದು, ಅದನ್ನು ಯಾವ ವಾದದಿಂದಲೂ ತೆಗೆಯೋಕೆ ಆಗುವುದಿಲ್ಲ. ಆದರೆ ಮಕ್ಕಳ ಊರೂ ಕೆಲಸದ ಜೊತೆ ಬದಲಾಗುತ್ತದೆ. ಅವಳು ನಾಳೆ ಹೈದರಾಬಾದಿಗೆ ಹೋದರೆ ಇವರು ಆ ಗೇಟಿನ ಒಳಗೆ ಯಾರಿಗಾಗಿ ಇರಬೇಕು?

ಮೈಸೂರಿನ ಬಗ್ಗೆ ಒಂದು ಕೆಟ್ಟ ಮಾತು ಹೇಳುವವರು ಸಿಗಲಿಲ್ಲ. ಸ್ವಚ್ಛ ಊರು, ಹಿತವಾದ ಹವೆ, ಹೃದಯದ ದೊಡ್ಡ ಸರ್ಕಾರಿ ಆಸ್ಪತ್ರೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿಯಿಂದ ಬೆಂಗಳೂರೂ ಹತ್ತಿರ. ಎಷ್ಟೋ ಜನರಿಗೆ ಅದೇ ಸರಿಯಾದ ಊರು. ಇವರಿಗೆ ಮಾತ್ರ ಅರ್ಧರಾತ್ರಿ ಫೋನ್ ಮಾಡಿ ಕರೆಯೋಕೆ ಅಲ್ಲಿ ಒಬ್ಬರೂ ಇಲ್ಲ. ಅಣ್ಣನ ಸಂಗೀತಕ್ಕೂ ಅದು ಊರಲ್ಲ, ಅಲ್ಲಿ ಹೆಚ್ಚು ಕೇಳುವುದು ಕರ್ನಾಟಕ ಸಂಗೀತ.

ಕುಮಟಾದ ಜುಲೈ

ಊರನ್ನು ನೋಡಬೇಕಾದರೆ ಅದರ ಅತಿ ಕೆಟ್ಟ ತಿಂಗಳಲ್ಲಿ ನೋಡಬೇಕು ಅನ್ನುವುದು ವೈನಿಯ ಹಠ. ಡಿಸೆಂಬರಿನಲ್ಲಿ ಕುಮಟಾ ಯಾರಿಗೆ ಬೇಡ? ಹಾಗಾಗಿ 2024ರ ಜುಲೈನಲ್ಲಿ ವೈನಿಯ ಚಿಕ್ಕಪ್ಪನ ಮನೆಯ ಪಕ್ಕದ ಖಾಲಿ ಮನೆಯಲ್ಲಿ ಸಂಸಾರ ಹೂಡಿದರು. ನೆಂಟರ ಊಟಕ್ಕೆ ಹೋಗಬಾರದು, ಅಡುಗೆ ತಾವೇ ಮಾಡಬೇಕು, ಬಟ್ಟೆ ತಾವೇ ಒಗೆಯಬೇಕು, ಸಾಮಾನು ತಾವೇ ತರಬೇಕು ಅಂತ ಮೊದಲೇ ತೀರ್ಮಾನ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾನು ಅಲ್ಲಿಗೆ ಹೋದಾಗ ಜಗಲಿಯ ಉದ್ದಕ್ಕೂ ಹಗ್ಗ ಕಟ್ಟಿ ಬಟ್ಟೆ ಹರವಿದ್ದರು. ಹೊರಗೆ ಹಗ್ಗ ಕಟ್ಟೋಕೆ ಜಾಗವೇ ಇಲ್ಲ, ನಿಲ್ಲದ ಮಳೆ. ಎರಡು ದಿನವಾದರೂ ಪ್ಯಾಂಟಿನ ಸೊಂಟದ ಪಟ್ಟಿ ಹಸಿ. ರಾತ್ರಿ ಫ್ಯಾನಿನ ಕೆಳಗೆ ಕುರ್ಚಿಗಳ ಮೇಲೆ ಹರವಿ, ಕರೆಂಟು ಹೋದಾಗ ಮತ್ತೆ ಎತ್ತಿ, ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿ ಹಾಕಿಕೊಳ್ಳುವುದು. "ಮಳಿ ನೋಡ್ಕೋತ ಕುಂಡ್ರೂದು ಎರಡು ದಿನ ಛಂದ. ಆಮ್ಯಾಲೆ ಅರಿವಿ ಒಣಗಬೇಕಲ್ಲ" ಅಂದರು ಅಣ್ಣ. ವೈನಿಗೆ ತೇವ ಏನೂ ಅನ್ನಿಸಲೇ ಇಲ್ಲ. ಬಾವಿ ತುಂಬಿತ್ತು, ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಬೇಲಿಯಾಚೆಯ ಮಾತು. ಅವರ ಮುಖದ ಕಳೆಯೇ ಬೇರೆ ಇತ್ತು.

ಆದರೂ ಅವರು ಒಂದು ವಾರದಲ್ಲೇ ನನಗೆ ಹೇಳಿದ್ದು ಬೇರೆ. ಮನೆ ಪೇಟೆಯಿಂದ ದೂರ. ಮಳೆ ಜೋರಾದರೆ ಆಟೋ ಬರುವುದಿಲ್ಲ. ಚಿಕ್ಕಪ್ಪನ ಮಗನ ಬೈಕಿಗೆ ಕಾಯಬೇಕು, ಪೇಟೆಗೆ ಹೋಗುವಾಗ ಹೇಳು ಮಾರಾಯಾ ಅಂತ ಕೇಳಬೇಕು. ತಮ್ಮ ಊರಿನಲ್ಲೇ, ತಮ್ಮವರ ನಡುವೆಯೇ, ಆ ಮೊದಲ ಸಾಲು ನಡೆಯಲಿಲ್ಲ. ಪೇಟೆಯೊಳಗೆ ಮನೆ ಹಿಡಿದರೆ ಇದು ಸರಿಹೋಗುತ್ತಿತ್ತು, ಅದನ್ನೂ ಮಾತಾಡಿದೆವು.

ಅಷ್ಟರಲ್ಲಿ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66ರ ಮೇಲೆಯೇ ಮಣ್ಣು ಬಿತ್ತು, ಜನ ಸತ್ತರು, ಗಂಗಾವಳಿ ನದಿಯಲ್ಲಿ ದಿನಗಟ್ಟಲೆ ಹುಡುಕಾಟ. ಕುಮಟಾದಿಂದ ಅಂಕೋಲಾ, ಯಲ್ಲಾಪುರ ಮೇಲೆ ಹುಬ್ಬಳ್ಳಿಗೆ ಹೋಗುವ ದಾರಿ ಅದೇ. ಅಣ್ಣನ ಹೃದಯ ತಪಾಸಣೆ ಹುಬ್ಬಳ್ಳಿಯಲ್ಲಿ ನಿಗದಿಯಾಗಿತ್ತು. ಶಿರಸಿ ಕಡೆಯ ದೇವಿಮನೆ ಘಟ್ಟವೂ ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ದಕ್ಷಿಣಕ್ಕೆ ಮಣಿಪಾಲ ನೂರು ಕಿಲೋಮೀಟರಿಗಿಂತ ದೂರ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಆ ಕೂಗು ಇಡೀ ರಾಜ್ಯಕ್ಕೆ ಕೇಳಿಸಿತ್ತು. ನನಗೆ ಈ ವಿಷಯದಲ್ಲಿ ಸಿಟ್ಟಿದೆ. ಇಷ್ಟು ಚೆಂದದ ಜಿಲ್ಲೆಯಲ್ಲಿ ವಯಸ್ಸಾದವರು ತಮ್ಮ ಊರಿನಲ್ಲಿ ಉಳಿಯಬೇಕೋ ಬಿಡಬೇಕೋ ಅನ್ನುವುದನ್ನು ಆಂಬುಲೆನ್ಸಿನ ದೂರ ತೀರ್ಮಾನಿಸಬಾರದು.

ಕುಮಟಾ ಬೇಡ ಅಂದದ್ದು ವೈನಿ. ಅಣ್ಣ ಆ ಮಾತು ಎತ್ತಲೇ ಇಲ್ಲ, ಹೆಂಡತಿಯ ತವರನ್ನು ಬೇಡ ಅನ್ನೋಕೆ ಅವರಿಗೆ ಬಾಯಿ ಬರಲಿಲ್ಲ.

ಧಾರವಾಡದ ಏಪ್ರಿಲ್

ಕೊಯಮತ್ತೂರಿನ ಮನೆ ಖಾಲಿ ಮಾಡಿ ಸಾಮಾನನ್ನು ಮಗಳ ಮನೆಯಲ್ಲಿಟ್ಟು, 2025ರ ಏಪ್ರಿಲ್‌ನಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ನೆಲಮಹಡಿ ಮನೆ ಹಿಡಿದರು. ಅಣ್ಣ ಓದಿದ್ದು ಇದೇ ಊರಿನಲ್ಲಿ, ಹಳೆಯ ಗೆಳೆಯರು ಇನ್ನೂ ಇದ್ದಾರೆ. ವೈನಿಗೆ ಊರು ಹೊಸದು.

ಬಿಸಿಲು ಇತ್ತು. ಮಧ್ಯಾಹ್ನ 37, 38 ಡಿಗ್ರಿ. ಆದರೆ ಧಾರವಾಡ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಊರು, ಸುಮಾರು 700 ಮೀಟರಿಗಿಂತ ಎತ್ತರದಲ್ಲಿದೆ. ಸಂಜೆಯಾದರೆ ಪಶ್ಚಿಮದಿಂದ ಗಾಳಿ ಬರುತ್ತದೆ, ನಡುನಡುವೆ ಗುಡುಗಿನ ಮಳೆ. ಬಿಸಿಲನ್ನು ಇಬ್ಬರೂ ದಾಟಿದರು.

ದಾಟಲಾಗದ್ದು ಅನ್ನಿಸಿದ್ದು ನೀರು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಲ್ಲಿ 2008ರ ಹೊತ್ತಿಗೇ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಗಿತ್ತು, ದೇಶದ ಬೇರೆ ಕಡೆಯವರು ಬಂದು ನೋಡಿಹೋಗುತ್ತಿದ್ದರು. ಉಳಿದ ಎಷ್ಟೋ ಓಣಿಗಳಿಗೆ ಮಲಪ್ರಭೆಯ ನೀರು ಇವತ್ತಿಗೂ ಹಲವು ದಿನಕ್ಕೊಮ್ಮೆ. ಇವರ ಮನೆ ಆ ಎರಡನೆಯ ಗುಂಪಿನದು. ವೈನಿ ಮೊದಲ ಸಲ ಇದನ್ನು ಕಂಡದ್ದು ನಸುಕಿನಲ್ಲಿ. ಪಕ್ಕದ ಮನೆಯ ಅಜ್ಜಿ ಬಾಗಿಲು ಬಡಿದು "ಏಳ್ರೀ, ನಳ ಬಂದೈತಿ" ಅಂದರು. ಕತ್ತಲೆಯಲ್ಲಿ ಇಡೀ ಓಣಿ ಎದ್ದಿತ್ತು. ಸಂಪಿನ ಮುಚ್ಚಳ ಸರಿಸುವ ಸದ್ದು, ಮೋಟರಿನ ಸದ್ದು, ಕೊಡಗಳ ಸದ್ದು. ಸಂಪು ತುಂಬಿ, ಸಿಂಟೆಕ್ಸ್ ತುಂಬಿ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ತಾಮ್ರದ ಹಂಡೆಗೆ ಹಾಕುವ ಹೊತ್ತಿಗೆ ಬೆಳಕು ಹರಿದಿತ್ತು. ಸಿರುವಾಣಿ ಕುಡಿದು ಬಂದವರು, ಬಾವಿಯ ಮನೆಯಲ್ಲಿ ಹುಟ್ಟಿದವರು. ಅವತ್ತು ಅವರು ನನಗೆ ಫೋನ್ ಮಾಡಿ ಇಲ್ಲಿ ಆಗುವುದಿಲ್ಲ ಅಂತಲೇ ಹೇಳಿದರು.

ಮುಂದಿನ ವಾರ ಅದೇ ಅಜ್ಜಿ ಅವರನ್ನು ಜೊತೆಗೆ ಕರೆದುಕೊಂಡು ಸುಭಾಸ ರಸ್ತೆಯ ಪೇಟೆಗೆ ಹೋದರು. ಆಮೇಲೆ ವೈನಿ ಒಬ್ಬರೇ ಹೋಗತೊಡಗಿದರು. ಸ್ಟೇಷನ್ನಿಗೆ ನಡೆದು ಹೋಗಬಹುದು, ಲೈಬ್ರರಿಗೆ ಹೋಗಬಹುದು. ಹುಬ್ಬಳ್ಳಿಗೆ ಚಿಗರಿ ಬಸ್ಸಿದೆ, ಅದಕ್ಕೆ ಅದರದೇ ದಾರಿ, ಟ್ರಾಫಿಕ್ಕಿನ ಕಾಟ ಕಡಿಮೆ. ಹುಬ್ಬಳ್ಳಿಯ ಆಸ್ಪತ್ರೆಗೆ ಅಣ್ಣನ ರಿಪೋರ್ಟ್ ತರೋಕೆ ಒಂದು ದಿನ ಇವರೇ ಹೋಗಿ ಬಂದರು, ಅಣ್ಣ ಮನೆಯಲ್ಲಿ ಕೂತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥದ್ದು ಅಪರೂಪ. ಈ ಓಡಾಟದ ಮುಂದೆ ನಸುಕಿನ ನೀರು ಸಣ್ಣದಾಯಿತಾ ಅಂತ ಕೇಳಿದೆ. ಸಣ್ಣದಾಗಿಲ್ಲ, ಆದರೆ ಅದು ನಾನೇ ಮಾಡಿ ಮುಗಿಸುವ ಕೆಲಸ, ಯಾರನ್ನೂ ಕಾಯಬೇಕಿಲ್ಲ ಅಂದರು.

ಅಣ್ಣನ ಹಾಳೆಯ ಲೆಕ್ಕವೂ ಇಲ್ಲಿ ಕೂಡಿಬಂತು. ಮಲ್ಲಿಕಾರ್ಜುನ ಮನ್ಸೂರ್ ಬದುಕಿದ ಊರು, ಬೈಠಕ್‌ಗೆ ಬರವಿಲ್ಲ. 1890ರಲ್ಲಿ ಶುರುವಾದ ವಿದ್ಯಾವರ್ಧಕ ಸಂಘದಲ್ಲಿ ಏನಾದರೂ ಕಾರ್ಯಕ್ರಮ ನಡೆಯುತ್ತಲೇ ಇರುತ್ತದೆ. ಮಕ್ಕಳ ಕಡೆಗೆ ಎರಡೂ ದಿಕ್ಕಿಗೆ ರೈಲಿದೆ. ಬೆಂಗಳೂರು-ಧಾರವಾಡ ವಂದೇ ಭಾರತ್ 2023ರ ಜೂನ್‌ನಲ್ಲಿ ಶುರುವಾಯಿತು, ಹುಬ್ಬಳ್ಳಿ-ಪುಣೆಯದು 2024ರ ಸೆಪ್ಟೆಂಬರ್‌ನಲ್ಲಿ. ಮಗಳು ಮಗುವನ್ನು ಕರೆದುಕೊಂಡು ಹಗಲಿನ ರೈಲಿನಲ್ಲಿ ಬರುತ್ತಾಳೆ, ಬೇಸರ ಪೂರ್ತಿ ಹೋಗಿಲ್ಲ.

ಕಾಗದಪತ್ರದ ಕೆಲಸ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಇಷ್ಟದ ಊರು ಸಿಕ್ಕ ಮೇಲೂ ರಾಜ್ಯ ಬದಲಾದರೆ ಓಡಾಟ ಇದ್ದೇ ಇದೆ. ಕಾರು ತಮಿಳುನಾಡಿನ ನಂಬರಿನದು. 12 ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು, ಅದಕ್ಕೆ ಹಳೆಯ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸೋಕೆ ಫಾರಂ 8. ವೈನಿ ಮೊದಲ ಸಲ ಸಾರಿಗೆ ಬಸ್ ಹತ್ತಿದಾಗ ಕಂಡಕ್ಟರ್ ಆಧಾರ್ ನೋಡಿ ಟಿಕೆಟ್ ತಗೊಳ್ಳಿ ಅಂದರು. ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವ ಮಹಿಳೆಯರಿಗೆ, ಇವರ ಆಧಾರ್‌ನಲ್ಲಿ ಇನ್ನೂ ಕೊಯಮತ್ತೂರು. ಬಾಡಿಗೆ ಕರಾರು ಪತ್ರ ತೋರಿಸಿ ವಿಳಾಸ ಬದಲಿಸಿದ ಮೇಲೆ ಸರಿಹೋಯಿತು. ಆರೋಗ್ಯ ವಿಮೆಯ ನಗದುರಹಿತ ಆಸ್ಪತ್ರೆಗಳ ಪಟ್ಟಿಯನ್ನು ಮಾತ್ರ ಅಣ್ಣ ಮನೆ ಹಿಡಿಯುವ ಮೊದಲೇ ನೋಡಿದ್ದರು. ಹುಬ್ಬಳ್ಳಿ-ಧಾರವಾಡದಲ್ಲಿ ಬೇಕಾದವು ಅದರಲ್ಲಿ ಇದ್ದವು.

ಈಗ ಎಲ್ಲಿಗೆ ಬಂದಿದೆ

ಬಾಡಿಗೆ ಕರಾರನ್ನು ಮತ್ತೆ ಮುಂದುವರಿಸಿದ್ದಾರೆ. ಮಳೆ ನಿಂತ ಮೇಲೆ, ದೀಪಾವಳಿ ಮುಗಿಸಿ ವೈನಿ ಕೆಲವು ವಾರ ಕುಮಟಾಕ್ಕೆ ಹೋಗಿ ಬರುತ್ತಾರೆ. ನಾನು ಒಂದು ಕಠಿಣ ಪ್ರಶ್ನೆಯನ್ನೂ ಕೇಳಿದೆ, ಇದನ್ನು ಎಲ್ಲ ದಂಪತಿಗಳೂ ಊರು ಆರಿಸುವಾಗಲೇ ಕೇಳಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ: ಇಬ್ಬರಲ್ಲಿ ಒಬ್ಬರೇ ಉಳಿದರೆ ಇದೇ ಊರಿನಲ್ಲಿ ಇರುತ್ತೀರಾ? ಅಣ್ಣ ಯೋಚನೆ ಮಾಡಿ, ಇಲ್ಲ, ಮಕ್ಕಳ ಹತ್ತಿರ ಹೋಗುತ್ತೇನೆ ಅಂದರು. ಅವರಿಗೆ ಅಡುಗೆ ಬರುವುದಿಲ್ಲ. ವೈನಿ ತಡಮಾಡದೆ, ಇಲ್ಲೇ ಇರುತ್ತೇನೆ ಅಂದರು.

ಈಗಿನ ಚರ್ಚೆ ಬೆಂಗಳೂರಿನ ಫ್ಲಾಟ್ ಮಾರುವುದು. ಮಾರಿದರೆ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ಲಾಭದ ಮೇಲಿನ ತೆರಿಗೆಗೆ ವಿನಾಯಿತಿ ಸಿಗುತ್ತದೆ. ಹಾಗಾಗಿ ಧಾರವಾಡದಲ್ಲಿ ಯಾವ ಜಾಗ ಅನ್ನುವುದು ಗೊತ್ತಾಗುವ ತನಕ ಮಾರಬಾರದು ಅಂತ ಇಬ್ಬರೂ ಒಪ್ಪಿದ್ದಾರೆ. ಅಣ್ಣನಿಗೆ ಊರ ಹೊರಗಿನ ಒಂದು ಲೇಔಟ್‌ನಲ್ಲಿ ಸೈಟ್ ಇಷ್ಟವಾಗಿದೆ. ಅಗಲ ರಸ್ತೆ, ಗಿಡ ಬೆಳೆಸೋಕೆ ಜಾಗ. ಬಸ್‌ಸ್ಟಾಪ್ ಎಲ್ಲಿದೆ ಅಂತ ವೈನಿ ಕೇಳಿದರು. ಅಣ್ಣನಿಗೆ ಗೊತ್ತಿರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ, ಮಧ್ಯಾಹ್ನದ ಹೊತ್ತು, ಆ ಸೈಟಿನಿಂದ ಬಸ್‌ಸ್ಟಾಪಿಗೂ ಅಂಗಡಿಗೂ ತಾವು ನಡೆದು ನೋಡುವ ತನಕ ಅಡ್ವಾನ್ಸ್ ಕೊಡಬಾರದು ಅಂತ ವೈನಿ ಹೇಳಿದ್ದಾರೆ, ಅಣ್ಣ ಕೊಟ್ಟಿಲ್ಲ.